ನಿಯಮ ಎಲ್ಲಿ ಸಡಿಲವೋ ಎಂಜಿನ್ ಅಲ್ಲೇ ಒಡೆಯುತ್ತದೆ: ಹವ್ಯಾಸಿ ಜಿಟಿ ರೇಸಿಂಗ್‌ನ ಒಳಗುಟ್ಟು

ರೇಸ್ ಕಾರಿನ ಎಂಜಿನ್ ಹೋಯಿತು ಅಂದ ತಕ್ಷಣ ಜನ ಕೇಳುವುದು ಒಂದೇ, "ಎಷ್ಟು ಹಾರ್ಸ್‌ಪವರ್ ಇತ್ತು?" ಪವರ್ ಜಾಸ್ತಿ ಇದ್ದರೆ ಆಯಸ್ಸು ಕಡಿಮೆ ಅನ್ನುವ ಲೆಕ್ಕ ಅದು. ಹವ್ಯಾಸಿಗಳ ಜಿಟಿ ರೇಸಿಂಗ್‌ನಲ್ಲಿ, ಅಂದರೆ ರಸ್ತೆ ಕಾರಿನ ರೂಪದ ರೇಸ್ ಕಾರುಗಳ ಪೈಪೋಟಿಯಲ್ಲಿ, ಈ ಲೆಕ್ಕ ಅರ್ಧ ಮಾತ್ರ ಸರಿ. 500 ಹಾರ್ಸ್‌ಪವರ್ ಕೊಡುವ ದೊಡ್ಡ ವಿ8 ಎಂಜಿನ್ ತಕರಾರಿಲ್ಲದೆ ಇಡೀ ಸೀಸನ್ ಓಡಬಹುದು. 200 ಹಾರ್ಸ್‌ಪವರ್ ಹಿಂಡಿ ತೆಗೆದ ಪುಟ್ಟ ನಾಲ್ಕು ಸಿಲಿಂಡರ್ ಎಂಜಿನ್ ಎರಡನೇ ರೇಸ್‌ಗೇ ಬ್ಲಾಕ್‌ನಲ್ಲಿ ತೂತು ಮಾಡಿಕೊಂಡು ನಿಲ್ಲಬಹುದು. ಎಷ್ಟು ಪವರ್ ಅನ್ನುವುದಕ್ಕಿಂತ ಅದು ಯಾವ ದಾರಿಯಲ್ಲಿ ಬಂತು ಅನ್ನುವುದು ಮುಖ್ಯ. ಆ ದಾರಿಯನ್ನು ಹಾಕಿಕೊಡುವುದು ನಿಯಮ ಪುಸ್ತಕ.

ಹಾಗಾಗಿ ನಿಯಮ ಪುಸ್ತಕವನ್ನು ಸುಮ್ನೆ "ಏನು ಮಾಡಬಾರದು" ಅನ್ನುವ ಪಟ್ಟಿಯಂತೆ ಓದಬಾರದು. ಒಂದು ಕಡೆ ಬಾಗಿಲು ಮುಚ್ಚಿದರೆ ಎಂಜಿನ್ ಕಟ್ಟುವವನು ಇನ್ನೊಂದು ಕಡೆ ತೆರೆದಿರುವ ಬಾಗಿಲು ಹುಡುಕುತ್ತಾನೆ. ಅಲ್ಲೇ ನುಗ್ಗುತ್ತಾನೆ. ಎಂಜಿನ್ ಒಡೆಯುವುದೂ ಸಾಮಾನ್ಯವಾಗಿ ಅಲ್ಲೇ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಟಿವಿಯಲ್ಲಿ ಕಾಣುವ ಜಿಟಿ3 ಅಂದರೆ ಮೋಟರ್ ರೇಸಿಂಗ್‌ನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎಯ, 2006ರಲ್ಲಿ ಶುರುವಾದ ವರ್ಗ. ಸ್ಟೆಫಾನ್ ರಟೆಲ್ ಅವರ ಸಂಸ್ಥೆ ಇದನ್ನು ರೂಪಿಸಿದ್ದೇ ಹಣ ಇರುವ ಹವ್ಯಾಸಿ ಚಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾರ್ ಕಂಪನಿಯೇ ಸಿದ್ಧ ರೇಸ್ ಕಾರ್ ಮಾಡಿ ಮಾರುತ್ತದೆ, ನೀವು ಕೊಂಡು ಓಡಿಸುತ್ತೀರಿ. ಅದಕ್ಕಿಂತ ಅಗ್ಗದ, ರಸ್ತೆ ಕಾರಿಗೆ ಹತ್ತಿರವಾದ ತಮ್ಮ ಜಿಟಿ4. ಆದರೆ ಅಮೆರಿಕದ ಎಸ್‌ಸಿಸಿಎ ಕ್ಲಬ್‌ನಲ್ಲೂ ಜಿಟಿ-1, ಜಿಟಿ-2, ಜಿಟಿ-3, ಜಿಟಿ-ಲೈಟ್ ಅನ್ನುವ ವರ್ಗಗಳಿವೆ. ಇವು ಪೂರ್ತಿ ಬೇರೆ ಜಾತಿ. ಪೈಪ್ ಬೆಸುಗೆ ಹಾಕಿದ ಚೌಕಟ್ಟು, ಮೇಲೆ ರಸ್ತೆ ಕಾರಿನಂತೆ ಕಾಣುವ ಫೈಬರ್ ಹೊದಿಕೆ, ಒಳಗೆ ಎಂಜಿನ್ ಅಂಗಡಿಯವರು ಕಟ್ಟಿಕೊಟ್ಟ ಎಂಜಿನ್. ಇನ್ನು ಹಳೆಯ ಬಿಎಂಡಬ್ಲ್ಯು, ಪೋರ್ಷೆಗೆ ರೋಲ್ ಕೇಜ್ (ಚಾಲಕನನ್ನು ಕಾಯುವ ಪೈಪಿನ ಪಂಜರ) ಹಾಕಿ ಓಡಿಸುವ ಕ್ಲಬ್‌ಗಳು ಎಲ್ಲ ದೇಶಗಳಲ್ಲೂ ಇವೆ. ಹವ್ಯಾಸಿ ಯಾರು ಅನ್ನುವುದಕ್ಕೂ ಎಫ್‌ಐಎ ಬಳಿ ಅಳತೆ ಇದೆ: ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್. ಬ್ರಾಂಜ್ ಅಂದರೆ ಹೆಚ್ಚು ಕಡಿಮೆ ಹವ್ಯಾಸಿ. ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸ್‌ನ ಎಲ್‌ಎಂಜಿಟಿ3 ವರ್ಗದಲ್ಲೂ ಪ್ರತಿ ಕಾರಿನಲ್ಲಿ ಒಬ್ಬ ಬ್ರಾಂಜ್ ಚಾಲಕ ಇರಲೇಬೇಕು.

ಸಿಸಿ ಕಟ್ಟಿದರೆ ಆರ್‌ಪಿಎಂ ಏರುತ್ತದೆ

ಎಂಜಿನ್ ನಿಯಮಗಳಲ್ಲಿ ಹಳೆಯದು ಮತ್ತು ಸರಳವಾದದ್ದು ಸಾಮರ್ಥ್ಯದ ಮಿತಿ. ಇಷ್ಟು ಸಿಸಿಗೆ ಇಷ್ಟು ಕನಿಷ್ಠ ತೂಕ. ಎಂಜಿನ್ ದೊಡ್ಡದಾದರೆ ಕಾರಿಗೆ ತೂಕ ಸೇರಿಸಿ. ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ?

ಆದರೆ ಎಂಜಿನ್ನಿನ ಪವರ್ ಅಂದರೆ ಒಂದು ನಿಮಿಷದಲ್ಲಿ ಅದು ಎಷ್ಟು ಗಾಳಿ ನುಂಗುತ್ತದೆ ಅನ್ನುವ ಲೆಕ್ಕ. ಸಿಸಿ ಕಟ್ಟಿಹಾಕಿದರೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬೇಡ ಅಂದರೆ, ಉಳಿಯುವ ದೊಡ್ಡ ದಾರಿ ಒಂದೇ. ಎಂಜಿನ್ನನ್ನು ಇನ್ನೂ ವೇಗವಾಗಿ ತಿರುಗಿಸುವುದು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿ, ವಾಲ್ವ್ ಸ್ಪ್ರಿಂಗ್ ಬಿಗಿ ಮಾಡಿ, 7,000 ಆರ್‌ಪಿಎಂಗೆ (ನಿಮಿಷಕ್ಕೆ 7,000 ಸುತ್ತು) ನಿಲ್ಲುತ್ತಿದ್ದ ಎಂಜಿನ್ನನ್ನು 8,000ಕ್ಕೆ ಏರಿಸುವುದು.

ಇದರ ಬೆಲೆ ಏನು ಅಂತ ಅಂಕಿಯಲ್ಲೇ ನೋಡೋಣ. ಪಿಸ್ಟನ್ ಓಡಾಟದ ಉದ್ದ 90 ಮಿಲಿಮೀಟರ್ ಇರುವ ಎಂಜಿನ್ ತೆಗೆದುಕೊಳ್ಳಿ. ಪಿಸ್ಟನ್, ರಿಂಗ್, ಪಿನ್ ಎಲ್ಲ ಸೇರಿ ಅರ್ಧ ಕಿಲೊ ಅಂದುಕೊಳ್ಳಿ. 7,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿ ದಿಕ್ಕು ಬದಲಿಸುವ ಆ ಕ್ಷಣ, ತನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಸುಮಾರು 1.6 ಟನ್ ತೂಕದಷ್ಟು ಬಲದಲ್ಲಿ ಜಗ್ಗುತ್ತದೆ. ಅರ್ಧ ಕಿಲೊ ವಸ್ತು, 1.6 ಟನ್ ಎಳೆತ. 8,000ಕ್ಕೆ ಏರಿಸಿದರೆ ಅದೇ ಎಳೆತ 2.1 ಟನ್ ಆಗುತ್ತದೆ. ಆರ್‌ಪಿಎಂ ಏರಿದ್ದು ಶೇ. 14, ಎಳೆತ ಏರಿದ್ದು ಶೇ. 30. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅದನ್ನು ಹೊರುವುದು ರಾಡಿನ ಎರಡು ಬೋಲ್ಟುಗಳು ಮತ್ತು ತೆಳ್ಳನೆಯ ಬೇರಿಂಗ್ ಚಿಪ್ಪು. ನಿಮಿಷಕ್ಕೆ 4,000 ಸಲ, ಯಾಕೆಂದರೆ ಎರಡು ಸುತ್ತಿಗೊಮ್ಮೆ ಸಿಲಿಂಡರಿನೊಳಗಿನ ಅನಿಲದ ಒತ್ತಡ ಈ ಎಳೆತವನ್ನು ತಗ್ಗಿಸುತ್ತದೆ.

ಅದಕ್ಕೇ ಸಿಸಿ ಮಿತಿಯ ವರ್ಗಗಳಲ್ಲಿ ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್, ಬೇರಿಂಗ್‌ಗಳ ಮಾತೇ ಜಾಸ್ತಿ. ಇವನ್ನೆಲ್ಲ ರೇಸ್ ಗುಣಮಟ್ಟದ್ದು ಹಾಕಬಹುದು. ಆದರೂ ಗಂಟೆ ಲೆಕ್ಕದಲ್ಲಿ ಬದಲಿಸುತ್ತಲೇ ಇರಬೇಕು.

ಒಂದು ತೂತಿನ ನಿಯಮ

ಎರಡನೇ ದಾರಿ ರೆಸ್ಟ್ರಿಕ್ಟರ್. ಗಾಳಿ ಒಳಗೆ ಹೋಗುವ ಜಾಗದಲ್ಲಿ ಒಂದು ಲೋಹದ ಉಂಗುರ, ಅದರಲ್ಲಿ ಅಳತೆ ಮಾಡಿದ ತೂತು. ಎಂಜಿನ್ ಕುಡಿಯುವ ಗಾಳಿಯೆಲ್ಲ ಅದರಲ್ಲೇ ಹೋಗಬೇಕು. ನನ್ನ ಮಟ್ಟಿಗೆ ಮೋಟರ್ ರೇಸಿಂಗ್‌ನ ಅತ್ಯಂತ ಜಾಣ ನಿಯಮ ಇದು.

ಯಾಕೆ ಅಂದರೆ, ಇದರ ಹಿಂದೆ ನಿಂತಿರುವುದು ಯಾರೂ ತಪ್ಪಿಸಿಕೊಳ್ಳಲಾಗದ ಭೌತಶಾಸ್ತ್ರ. ಎಂಜಿನ್ ಎಷ್ಟು ಜೋರಾಗಿ ಎಳೆದರೂ, ತೂತಿನ ಅತಿ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿತು ಅಂದರೆ ಮುಗಿಯಿತು. ಅದಕ್ಕಿಂತ ಜಾಸ್ತಿ ಗಾಳಿ ಒಳಗೆ ಹೋಗುವುದಿಲ್ಲ. 32 ಮಿಲಿಮೀಟರ್ ವ್ಯಾಸದ ತೂತಾದರೆ ಸಮುದ್ರ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 190 ಗ್ರಾಂ ಗಾಳಿ. ಅಷ್ಟು ಗಾಳಿಗೆ ಉರಿಸಬಹುದಾದ ಪೆಟ್ರೋಲ್ 15 ಗ್ರಾಂ ಆಸುಪಾಸು. ಅದರ ಶಕ್ತಿಯಲ್ಲಿ ಮೂರನೇ ಒಂದು ಭಾಗ ಚಕ್ರದ ಕಡೆಗೆ ಹೋಯಿತು ಅಂದುಕೊಂಡರೂ 280 ಹಾರ್ಸ್‌ಪವರ್ ಹತ್ತಿರ ಬಂದು ನಿಲ್ಲುತ್ತದೆ. ಒಳಗಿರುವುದು ಎರಡು ಲೀಟರ್ ಎಂಜಿನ್ನೋ ಆರು ಲೀಟರ್ ಎಂಜಿನ್ನೋ, ತೂತಿಗೆ ಗೊತ್ತಿಲ್ಲ.

ಈಗ ಎಂಜಿನ್ ಕಟ್ಟುವವನ ಜಾಗದಲ್ಲಿ ನಿಂತು ಯೋಚಿಸಿ. 6,500 ಆರ್‌ಪಿಎಂಗೇ ಗಾಳಿ ಮುಗಿದುಹೋಯಿತು. 8,000ಕ್ಕೆ ತಿರುಗಿಸಿ ಪ್ರಯೋಜನವೇನು? ತಿಕ್ಕಾಟದಲ್ಲಿ ಪವರ್ ಇನ್ನಷ್ಟು ಕಳೆಯುತ್ತದೆ ಅಷ್ಟೆ. ಹಾಗಾಗಿ ಅವನು ಆರ್‌ಪಿಎಂ ಇಳಿಸುತ್ತಾನೆ, ಕೆಳಗಿನಿಂದಲೇ ಟಾರ್ಕ್ ಬರುವಂತೆ ಕ್ಯಾಮ್ ಆರಿಸುತ್ತಾನೆ. ರಾಡ್ ಬೋಲ್ಟಿನ ಮೇಲಿನ ಎಳೆತ ತಾನಾಗಿಯೇ ಕಮ್ಮಿಯಾಗುತ್ತದೆ.

ಹಾಗಂತ ಈ ನಿಯಮದಲ್ಲಿ ಸಡಿಲ ಜಾಗ ಇಲ್ಲವೇ ಇಲ್ಲ ಅಂತಲ್ಲ. ಸಿಗುವ ಗಾಳಿ ಇಷ್ಟೇ ಅಂದಮೇಲೆ ಪ್ರತಿ ಗ್ರಾಂನಿಂದ ಜಾಸ್ತಿ ಹಿಂಡಬೇಕು. ಕಂಪ್ರೆಷನ್ ಏರಿಸು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಮಾಡು, ಸ್ಪಾರ್ಕ್ ಇನ್ನೂ ಮುಂಚೆ ಕೊಡು. ಈ ಮೂರೂ ಎಂಜಿನ್ನನ್ನು ನಾಕಿಂಗ್ ಕಡೆಗೆ ತಳ್ಳುತ್ತವೆ. ಉರಿ ನಿಧಾನವಾಗಿ ಹರಡುವ ಬದಲು ಮೂಲೆಯಲ್ಲಿ ಉಳಿದ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ. ಪಿಸ್ಟನ್ ಅಂಚು ಕೊರೆದುಹೋಗುತ್ತದೆ, ರಿಂಗ್ ಕೂರುವ ಜಾಗ ಮುರಿಯುತ್ತದೆ. ರೆಸ್ಟ್ರಿಕ್ಟರ್ ಇರುವ ಎಂಜಿನ್ ಸತ್ತರೆ ಮೊದಲು ಪಿಸ್ಟನ್ನಿನ ನೆತ್ತಿ ನೋಡಿ ಅನ್ನುವುದು ಅದಕ್ಕೇ.

ಮೋಸ ಹಿಡಿಯುವ ಪರೀಕ್ಷೆಯೂ ಸೊಗಸಾಗಿದೆ. ಎಂಜಿನ್ ಓಡುತ್ತಿರುವಾಗ ರೆಸ್ಟ್ರಿಕ್ಟರ್ ಬಾಯಿಗೆ ಬಿರಡೆ ಒತ್ತಿ ಹಿಡಿಯುತ್ತಾರೆ. ಎಂಜಿನ್ ಆ ಕ್ಷಣವೇ ನಿಲ್ಲಬೇಕು. ನಿಲ್ಲದೆ ಗೊರ ಗೊರ ಅನ್ನುತ್ತಿದ್ದರೆ ಎಲ್ಲೋ ಕಳ್ಳದಾರಿಯಿಂದ ಗಾಳಿ ಬರುತ್ತಿದೆ ಅಂತ ಅರ್ಥ. ಎಷ್ಟೋ ಸಲ ಅದು ಕಳ್ಳತನವೂ ಅಲ್ಲ, ಬಿರುಕು ಬಿಟ್ಟ ರಬ್ಬರ್ ಹೋಸ್ ಅಷ್ಟೆ. ಆದರೆ ಪರೀಕ್ಷಕರಿಗೆ ಎರಡೂ ಒಂದೇ. ಇದರಲ್ಲಿ ಚರಿತ್ರೆಗೆ ಸೇರಿದ ಮೋಸ ನಡೆದದ್ದು ಜಿಟಿಯಲ್ಲಲ್ಲ, ರ‍್ಯಾಲಿಯಲ್ಲಿ. 1995ರಲ್ಲಿ ಟೊಯೊಟ ತಂಡದ ಸೆಲಿಕಾ ಕಾರುಗಳ ಟರ್ಬೊದಲ್ಲಿ ಗುಟ್ಟಾದ ವ್ಯವಸ್ಥೆ ಸಿಕ್ಕಿತು. ಹೋಸ್ ಬಿಗಿ ಮಾಡಿದರೆ ರೆಸ್ಟ್ರಿಕ್ಟರ್ ಸದ್ದಿಲ್ಲದೆ ಸರಿದು ಪಕ್ಕದಿಂದ ಗಾಳಿ ಬಿಡುತ್ತಿತ್ತು. ಹೋಸ್ ಬಿಚ್ಚಿದರೆ ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂರುತ್ತಿತ್ತು. ತಂಡಕ್ಕೆ ಒಂದು ವರ್ಷ ನಿಷೇಧ ಬಿತ್ತು.

ಎಫ್‌ಐಎ ಜಿಟಿ3ಯಲ್ಲಿ ಇದೇ ಉಪಾಯದ ದೊಡ್ಡ ರೂಪ ಇದೆ, ಅದರ ಹೆಸರು ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್, ಅಂದರೆ ಬೇರೆ ಬೇರೆ ಕಾರುಗಳನ್ನು ಸಮಬಲಕ್ಕೆ ತರುವುದು. ಮರ್ಸಿಡಿಸ್-ಎಎಂಜಿಯ 6.2 ಲೀಟರ್ ವಿ8, ಲ್ಯಾಂಬೊರ್ಗಿನಿಯ 5.2 ಲೀಟರ್ ವಿ10, ಬಿಎಂಡಬ್ಲ್ಯು ಎಂ4ರ 3 ಲೀಟರ್ ಟರ್ಬೊ, ಎಲ್ಲ ಒಂದೇ ರೇಸ್‌ನಲ್ಲಿ. ಟರ್ಬೊ ಇಲ್ಲದ ಕಾರಿಗೆ ರೆಸ್ಟ್ರಿಕ್ಟರ್. ಟರ್ಬೊ ಕಾರಿಗೆ ಯಾವ ಆರ್‌ಪಿಎಂನಲ್ಲಿ ಎಷ್ಟು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅನ್ನುವ ಕೋಷ್ಟಕ. ಜತೆಗೆ ತೂಕ, ನೆಲದಿಂದ ಎತ್ತರ. ಯಾರೂ ಪವರ್ ಹಿಂದೆ ಬೀಳುವ ಹಾಗಿಲ್ಲ, ಬಿದ್ದರೂ ಮುಂದಿನ ರೇಸಿಗೆ ಕಿತ್ತುಕೊಳ್ಳುತ್ತಾರೆ. ಹಾಗಾಗಿ ಜಿಟಿ3 ಎಂಜಿನ್‌ಗಳು ತಮ್ಮ ತಾಕತ್ತಿಗಿಂತ ಕಡಿಮೆಯಲ್ಲೇ ಓಡುತ್ತವೆ, ಬಾಳಿಕೆಯೂ ಬರುತ್ತವೆ. ಪೋರ್ಷೆ ಕಪ್‌ನದು ಇನ್ನೊಂದು ದಾರಿ: ಎಲ್ಲರಿಗೂ ಒಂದೇ ಎಂಜಿನ್, ಸೀಲ್ ಹಾಕಿ ಕೊಡುತ್ತಾರೆ, ಬಿಚ್ಚುವ ಹಾಗಿಲ್ಲ. 992 ಪೀಳಿಗೆಯ 911 ಜಿಟಿ3 ಕಪ್ ಕಾರಿನ 4 ಲೀಟರ್ ಎಂಜಿನ್‌ಗೆ ಪೂರ್ತಿ ಓವರ್‌ಹಾಲ್ 100 ಗಂಟೆಗೆ ಅಂತ ಕಂಪನಿಯೇ ಹೇಳುತ್ತದೆ.

ಇದೆಲ್ಲದಕ್ಕೆ ದುಡ್ಡಿಲ್ಲದ ಕ್ಲಬ್‌ಗಳು ತೂಕ-ಪವರ್ ಅನುಪಾತಕ್ಕೆ ಮೊರೆ ಹೋಗುತ್ತವೆ. ಡೈನೊ ಮೇಲೆ ಕಾರು ಓಡಿಸಿ ಪವರ್ ಅಳೆಯಿರಿ, ತಕ್ಕಡಿ ಮೇಲೆ ತೂಕ ಹಾಕಿ. 1,300 ಕಿಲೊ ಕಾರು, 260 ಹಾರ್ಸ್‌ಪವರ್, ಅಂದರೆ ಒಂದು ಹಾರ್ಸ್‌ಪವರ್‌ಗೆ 5 ಕಿಲೊ. ಆ ಅಂಕಿ ಯಾವ ವರ್ಗಕ್ಕೆ ಸೇರುತ್ತದೋ ಅಲ್ಲಿ ಓಡಿ. ಬರೀ ಗರಿಷ್ಠ ಪವರ್ ಅಳೆದರೆ ಜಾಣರು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿದ್ದಿ ತುದಿಯನ್ನು ಕತ್ತರಿಸಿ, ಉಳಿದ ಕಡೆಯೆಲ್ಲ ಮಟ್ಟಸವಾಗಿ ತುಂಬಿಸಿಕೊಳ್ಳುತ್ತಾರೆ. ಅದಕ್ಕೆ ಕೆಲವು ಕ್ಲಬ್‌ಗಳು ಸರಾಸರಿ ಪವರ್ ನೋಡುತ್ತವೆ. ದೊಡ್ಡ ಎಂಜಿನ್ ಹಾಕಿ ಅದನ್ನು ತಗ್ಗಿಸಿ ಓಡಿಸಲು ಬಿಡುವುದರಿಂದ ಜೇಬು ನೋಡಿಕೊಂಡು ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ.

ನಿಯಮದಲ್ಲಿ ಇಲ್ಲದ ಶತ್ರು: ಎಣ್ಣೆ

ಇಲ್ಲಿಯವರೆಗೆ ಹೇಳಿದ್ದು ಪವರ್ ವಿಷಯ. ಆದರೆ ರಸ್ತೆ ಕಾರಿನಿಂದ ಬಂದ ಎಂಜಿನ್‌ಗಳು ಟ್ರ್ಯಾಕ್ ಮೇಲೆ ಸಾಯಲು ಪವರ್‌ಗಿಂತ ದೊಡ್ಡ ಕಾರಣ ಟೈರು. ವಿಚಿತ್ರ ಅನ್ನಿಸಬಹುದು. ಗೀರುಗಳಿಲ್ಲದ ನುಣುಪು ರೇಸ್ ಟೈರ್ (ಸ್ಲಿಕ್) ಹಾಕಿದ ತಕ್ಷಣ ಕಾರು ತಿರುವಿನಲ್ಲಿ ಗುರುತ್ವದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಬಲವನ್ನು ಪಕ್ಕಕ್ಕೆ ಹುಟ್ಟಿಸುತ್ತದೆ. ಬಸ್ಸು ಜೋರಾಗಿ ತಿರುಗಿದಾಗ ಕೈಯಲ್ಲಿರುವ ಲೋಟದ ನೀರು ಒಂದು ಅಂಚಿಗೆ ಏರುತ್ತದಲ್ಲ, ಎಂಜಿನ್ ಕೆಳಗಿನ ಸಂಪ್‌ನಲ್ಲಿರುವ ಆಯಿಲ್ ಕೂಡ ಹಾಗೇ ಏರುತ್ತದೆ. ಒಂದು ಜಿ ಬಲಕ್ಕೆ ಆಯಿಲ್ ಮಟ್ಟ 45 ಡಿಗ್ರಿ ಓರೆಯಾಗುತ್ತದೆ. ಪಂಪಿನ ಹೀರುಕೊಳವೆ ಇರುವ ಜಾಗ ಬರಿದು. ಪಂಪ್ ಎಣ್ಣೆಯ ಬದಲು ಗಾಳಿ ಎಳೆಯುತ್ತದೆ.

ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರ. ಲೋಹಕ್ಕೆ ಲೋಹ ತಾಗದೆ ತೇಲುತ್ತಿರುವುದು ಅದರ ಮೇಲೆ. ಉದ್ದನೆಯ ತಿರುವಿನಲ್ಲಿ ಒಂದೆರಡು ಸೆಕೆಂಡ್ ಒತ್ತಡ ಬಿದ್ದರೆ ಸಾಕು, ಆ ಪದರ ಹರಿಯುತ್ತದೆ. ಎಂಜಿನ್ ಆಗಲೇ ಒಡೆಯುವುದಿಲ್ಲ, ಅದೇ ಕಷ್ಟ. ಬೇರಿಂಗ್ ಸ್ವಲ್ಪ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ, ಒತ್ತಡ ಇನ್ನೂ ಬೀಳುತ್ತದೆ. ಇನ್ನೊಂದಿಷ್ಟು ಲ್ಯಾಪ್ ಆದ ಮೇಲೆ, ನೇರ ರಸ್ತೆಯಲ್ಲಿ, ಎಲ್ಲ ಸರಿ ಇದೆ ಅನ್ನುವಾಗ ರಾಡ್ ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ. ಚಾಲಕ ಹೇಳುತ್ತಾನೆ, "ಯಾವ ಸೂಚನೆಯೂ ಇರಲಿಲ್ಲ." ಸೂಚನೆ ಇತ್ತು, ತಿರುವಿನಲ್ಲಿ. ಆಗ ಅವನ ಕಣ್ಣು ಗೇಜ್ ಮೇಲೆ ಇರಲಿಲ್ಲ, ಇರಬಾರದು ಕೂಡ.

ಪರಿಹಾರಗಳು ಮೆಟ್ಟಿಲು ಮೆಟ್ಟಿಲಾಗಿವೆ. ಸಂಪ್ ಒಳಗೆ ತಗಡಿನ ಅಡ್ಡಗೋಡೆ, ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲು ಹಾಕುವುದು ಅಗ್ಗದ್ದು. ಒತ್ತಡ ತುಂಬಿಸಿಟ್ಟ ಒಂದೆರಡು ಲೀಟರ್ ಆಯಿಲ್ ಸಿಲಿಂಡರ್ ಜೋಡಿಸಿದರೆ ಒತ್ತಡ ಬಿದ್ದಾಗ ಅದು ತಾನಾಗಿ ಎಣ್ಣೆ ಬಿಡುತ್ತದೆ. ಕೊನೆಯ ಮೆಟ್ಟಿಲು ಡ್ರೈ ಸಂಪ್: ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುತ್ತದೆ, ಕೆಳಗೆ ಬಿದ್ದದ್ದನ್ನು ಹಲವು ಪಂಪ್‌ಗಳು ಎಳೆದು ಅಲ್ಲಿಗೆ ಹಾಕುತ್ತವೆ. 996 ಮತ್ತು 997 ಪೀಳಿಗೆಯ ಪೋರ್ಷೆ 911 ಜಿಟಿ3 (ಇಲ್ಲಿ ಜಿಟಿ3 ಕಾರಿನ ಹೆಸರು, ರೇಸ್ ವರ್ಗವಲ್ಲ) ಎಂಜಿನ್‌ಗೆ ಹೀಗೆ ಬೇರೆ ಆಯಿಲ್ ಟ್ಯಾಂಕ್ ಇದೆ. ಅದೇ ಕಾಲದ ಮಾಮೂಲಿ 911 ಎಂಜಿನ್‌ಗೆ ಇಲ್ಲ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಎರಡು ಕಾರುಗಳಲ್ಲಿ ಟ್ರ್ಯಾಕ್ ಮೇಲೆ ಒಂದಕ್ಕೆ ಒಳ್ಳೆ ಹೆಸರು, ಇನ್ನೊಂದಕ್ಕೆ ಎಂಜಿನ್ ಖರ್ಚು.

ಇಲ್ಲೊಂದು ವಿಪರ್ಯಾಸ ಇದೆ. ಖರ್ಚು ತಗ್ಗಿಸುತ್ತೇವೆ ಅಂತ ಕೆಲವು ಕ್ಲಬ್ ವರ್ಗಗಳು ಡ್ರೈ ಸಂಪ್ ನಿಷೇಧಿಸುತ್ತವೆ. ಒಂದು ಡ್ರೈ ಸಂಪ್ ಖರ್ಚು ಉಳಿಸಿ, ಸೀಸನ್‌ಗೊಂದು ಎಂಜಿನ್ ಖರ್ಚು ಮಾಡಿಸಿದಂತೆ. ಪವರ್ ಕೊಡದ, ಬರೀ ಆಯಸ್ಸು ಕೊಡುವ ಭಾಗಗಳನ್ನು ನಿಯಮ ತಡೆಯಲೇಬಾರದು ಅನ್ನುವುದು ನನ್ನ ವಾದ.

ಎಣ್ಣೆ ವಿಷಯದಲ್ಲೇ ಇನ್ನೊಂದು ಸಣ್ಣ ಖಳನಾಯಕ. ಇ36 ಪೀಳಿಗೆಯ ಬಿಎಂಡಬ್ಲ್ಯು ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ತಿರುಗಿಸುವ ಹಲ್ಲುಚಕ್ರವನ್ನು ಹಿಡಿದಿರುವುದು ಒಂದು ನಟ್ಟು. ರೇಸ್‌ನಲ್ಲಿ ಗಂಟೆಗಟ್ಟಲೆ ಮೇಲಿನ ಆರ್‌ಪಿಎಂನಲ್ಲಿ ನಡುಗಿ ನಡುಗಿ ಅದು ಸಡಿಲವಾಗುತ್ತದೆ. ನಟ್ಟು ಬಿತ್ತು, ಪಂಪ್ ನಿಂತಿತು, ಎಂಜಿನ್ ಮುಗಿಯಿತು. ಈ ಕಾರು ಓಡಿಸುವವರು ಮೊದಲ ಕೆಲಸವಾಗಿ ಸಂಪ್ ಇಳಿಸಿ ಆ ನಟ್ಟಿಗೆ ಸೇಫ್ಟಿ ವೈರ್ ಕಟ್ಟುತ್ತಾರೆ. ಬಿಡಿಗಾಸಿನ ತಂತಿ.

ಎಡಗಾಲು, ಗೇರ್ ಹಾಕುವ ಕೈ ಮತ್ತು ಬಿಸಿ

ಹವ್ಯಾಸಿಗಳು ಎಂಜಿನ್ ಕೊಲ್ಲುವ ಇನ್ನೊಂದು ದಾರಿ ತಪ್ಪು ಗೇರು. ಐದರಿಂದ ನಾಲ್ಕಕ್ಕೆ ಇಳಿಸಬೇಕಿತ್ತು, ಕೈ ಎರಡಕ್ಕೆ ಹೋಯಿತು. ಕ್ಲಚ್ ಬಿಟ್ಟ ತಕ್ಷಣ ಚಕ್ರಗಳೇ ಎಂಜಿನ್ನನ್ನು 10,000 ಆರ್‌ಪಿಎಂ ಆಚೆಗೆ ತಿರುಗಿಸುತ್ತವೆ. "ರೆವ್ ಲಿಮಿಟರ್ ಇದೆಯಲ್ಲ" ಅನ್ನುತ್ತಾರೆ. ಲಿಮಿಟರ್ ಪೆಟ್ರೋಲ್ ಅಥವಾ ಸ್ಪಾರ್ಕ್ ನಿಲ್ಲಿಸಬಲ್ಲದು, ಚಕ್ರ ನಿಲ್ಲಿಸಲಾರದು. ವಾಲ್ವ್ ಸ್ಪ್ರಿಂಗ್ ಅಷ್ಟು ವೇಗಕ್ಕೆ ಮುಚ್ಚಲಾರದೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಪ್ಯಾಡಲ್ ಒತ್ತಿ ಗೇರ್ ಬದಲಿಸುವ ಜಿಟಿ3, ಜಿಟಿ4 ಕಾರುಗಳಲ್ಲಿ ಕಂಪ್ಯೂಟರ್ ಇಂಥ ಗೇರ್ ಕೇಳಿದರೂ ಕೊಡುವುದಿಲ್ಲ. ಅವು ಬಾಳಿಕೆ ಬರುವುದಕ್ಕೆ ಇದೂ ದೊಡ್ಡ ಕಾರಣ.

ಬಿಸಿಯ ಕತೆ ಬೇರೆ. ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗ ಕೆಲಸ ಮಾಡಿದರೆ ಉಳಿದದ್ದೆಲ್ಲ ಶಾಖ. ಹೆದ್ದಾರಿಯಲ್ಲಿ ಕಾರು ಬಳಸುವುದು 20–30 ಹಾರ್ಸ್‌ಪವರ್. ರೇಸ್‌ನಲ್ಲಿ ಬಹುಪಾಲು ಹೊತ್ತು ಪೂರ್ತಿ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಹತ್ತು ಲ್ಯಾಪ್ ಓಡಿದರೆ ರೇಡಿಯೇಟರಿಗೆ ಸಿಗುವುದು ಅವನ ಬಿಸಿ ಗಾಳಿ. ಜತೆಗೆ, ಟ್ರ್ಯಾಕ್ ಮೇಲೆ ಚೆಲ್ಲಿದರೆ ಜಾರುತ್ತದೆ ಅಂತ ಅನೇಕ ಕ್ಲಬ್‌ಗಳು ಗ್ಲೈಕಾಲ್ ಕೂಲಂಟ್ ನಿಷೇಧಿಸಿವೆ. ಬರೀ ನೀರು ಶಾಖವನ್ನು ಚೆನ್ನಾಗಿ ಹೊರುತ್ತದೆ, ಆದರೆ ಬೇಗ ಕುದಿಯುತ್ತದೆ. ಮುಚ್ಚಳ ಒಂದು ಬಾರ್ ಒತ್ತಡ ಹಿಡಿದರೆ 120 ಡಿಗ್ರಿವರೆಗೆ ತಡೆಯುತ್ತದೆ, ಮುಚ್ಚಳದ ರಬ್ಬರ್ ಹಳತಾಗಿದ್ದರೆ ನೂರಕ್ಕೇ ಕುದಿ. ಹೋಸ್ ಒಡೆದು ನೀರೆಲ್ಲ ಹೋದ ಮೇಲೆ ಉಷ್ಣಾಂಶದ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ, "ಎಲ್ಲ ತಂಪು" ಅಂತ ತೋರಿಸಿದರೂ ತೋರಿಸಬಹುದು. ಅದಕ್ಕೆ ಅನುಭವಿಗಳು ನೀರಿನ ಒತ್ತಡಕ್ಕೂ ಒಂದು ಸೆನ್ಸರ್ ಹಾಕಿ, ಒತ್ತಡ ಬಿದ್ದರೆ ಉರಿಯುವ ದೊಡ್ಡ ಕೆಂಪು ದೀಪ ಇಡುತ್ತಾರೆ.

ರೇಸ್ ಬಿಟ್ಟು ನಿಂತ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಎಂಜಿನ್ ಒಡೆದವು ಕಣ್ಣಿಗೆ ಬೀಳುತ್ತವೆ, ಅಷ್ಟೆ. ವೀಲ್ ಬೇರಿಂಗ್, ಕುದ್ದ ಬ್ರೇಕ್ ಆಯಿಲ್, ಸಡಿಲವಾದ ವೈರ್ ಕನೆಕ್ಟರ್, ಹರಿದ ಆಲ್ಟರ್ನೇಟರ್ ಬೆಲ್ಟ್, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ತಿರುವಿನಲ್ಲಿ ಪೆಟ್ರೋಲ್ ಸಿಗದ ಪಂಪ್, ಇಂಥವುಗಳಿಂದ ನಿಂತ ಕಾರುಗಳೂ ಕಮ್ಮಿಯೇನಲ್ಲ. ಇವಕ್ಕೆ ಯಾವ ಸಿದ್ಧಾಂತವೂ ಬೇಡ. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದು, ಪ್ರತಿ ಓಟದ ನಂತರ ಗೆರೆ ಸರಿದಿದೆಯೇ ಅಂತ ನೋಡಿದರೆ ಅರ್ಧ ಕೆಲಸ ಆಯಿತು.

ಫಿಲ್ಟರ್ ಕೊಯ್ದು ನೋಡುವುದು

ಎಂಜಿನ್ ಒಳಗೆ ಏನಾಗುತ್ತಿದೆ ಅಂತ ಬಿಚ್ಚದೆ ತಿಳಿಯುವ ಅಗ್ಗದ ದಾರಿ ಆಯಿಲ್ ಫಿಲ್ಟರ್. ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಕಟ್ಟರ್‌ನಿಂದ ಸುತ್ತಲೂ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ಓರೆಯಾಗಿ ಆಡಿಸಿ ನೋಡುತ್ತಾರೆ. ಕಪ್ಪು ಎಣ್ಣೆಯ ನಡುವೆ ಮಿನುಗು ಕಂಡರೆ ಅಯಸ್ಕಾಂತ ತರುತ್ತಾರೆ. ಅಂಟಿಕೊಂಡರೆ ಉಕ್ಕು: ಕ್ಯಾಮ್, ರಿಂಗ್, ಪಂಪ್ ಕಡೆಯದು. ಅಂಟದೆ ಮೆತ್ತಗೆ ಬೂದು ಅಥವಾ ತಾಮ್ರದ ಬಣ್ಣ ಇದ್ದರೆ ಬೇರಿಂಗ್. ಎರಡನೆಯದು ಕಂಡರೆ ಆ ವಾರಾಂತ್ಯದ ರೇಸ್ ರದ್ದು. ಈಗ ನಿಲ್ಲಿಸಿದರೆ ಬೇರಿಂಗ್ ಚಿಪ್ಪುಗಳ ಖರ್ಚು, ಓಡಿಸಿದರೆ ಕ್ರ್ಯಾಂಕ್‌ಶಾಫ್ಟ್, ರಾಡ್, ಬ್ಲಾಕ್ ಎಲ್ಲದರ ಖರ್ಚು.

ಇದರ ಜತೆ ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ ಮೇಲಿದ್ದಾಗ ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುವುದು. ಒಳ್ಳೆಯ ರೇಸ್ ಎಂಜಿನ್‌ನಲ್ಲಿ ಶೇ. 5ರ ಒಳಗಿರುತ್ತದೆ. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಯಾವ ಖರ್ಚೂ ಇಲ್ಲದ ಉಪಾಯವೂ ಒಂದಿದೆ: ಗೇರನ್ನು 300 ಆರ್‌ಪಿಎಂ ಮುಂಚೆ ಬದಲಿಸುವುದು. ಪವರ್ ತುದಿ ದಾಟಿದ ಮೇಲೆ ಎಳೆಯುವುದರಿಂದ ಲ್ಯಾಪ್ ಸಮಯದಲ್ಲಿ ಸಿಗುವುದು ಅತ್ಯಲ್ಪ. 7,000ದ ಬದಲು 6,700ಕ್ಕೆ ಬದಲಿಸಿದರೆ ರಾಡ್ ಮೇಲಿನ ಎಳೆತ ಶೇ. 8ರಷ್ಟು ಇಳಿಯುತ್ತದೆ. ಅಷ್ಟು ಸಮಯವನ್ನು ಹವ್ಯಾಸಿ ಚಾಲಕ ಬ್ರೇಕ್ ಹಾಕುವ ಜಾಗದಲ್ಲಿ ಸುಲಭವಾಗಿ ವಾಪಸ್ ಪಡೆಯಬಹುದು.

ಹಳೆಯ ಜಿಟಿ ಕಾರು ಕೊಳ್ಳುವವರು ಸಾಮಾನ್ಯವಾಗಿ ಡೈನೊ ಹಾಳೆ ಕೇಳುತ್ತಾರೆ. ಮಾರುವವರೂ ಅದನ್ನೇ ಮೊದಲು ಮುಂದಿಡುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಮೂರು ವಿಷಯ ಕೇಳಿ. ಕಳೆದ ಓವರ್‌ಹಾಲ್ ಆದಮೇಲೆ ಎಂಜಿನ್ ಎಷ್ಟು ಗಂಟೆ ಓಡಿದೆ? ಡೇಟಾ ಲಾಗರ್‌ನಲ್ಲಿ ಅತಿ ಹೆಚ್ಚು ಆರ್‌ಪಿಎಂ ಎಷ್ಟು ದಾಖಲಾಗಿದೆ? ಅತಿ ಉದ್ದದ ತಿರುವಿನಲ್ಲಿ ಆಯಿಲ್ ಒತ್ತಡದ ಗೆರೆ ಹೇಗಿದೆ? ಹಲವು ಪೋರ್ಷೆಗಳಲ್ಲಿ ಇಸಿಯುವೇ ಅತಿವೇಗದ ಘಟನೆಗಳನ್ನು ಹಂತ ಹಂತವಾಗಿ ಎಣಿಸಿ ಇಟ್ಟಿರುತ್ತದೆ, ಓದಿಸಿಕೊಳ್ಳಬಹುದು. ಉತ್ತರ ಸಿಗದಿದ್ದರೆ ಕಾರು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಎಂಜಿನ್ ಕೆಟ್ಟಿದೆ ಅಂದುಕೊಂಡೇ ಬೆಲೆ ಕಟ್ಟಿ.